ಮುಳ್ಳು ಬಂದ ದಾರಿ: ಕಲಬುರಗಿ ಸೀಮೆಯ ಎಂಜಿನ್ನುಗಳಲ್ಲಿ ಗಾಳಿಯೊತ್ತಡದ ಅಳತೆ

ಕಲಬುರಗಿ ನಗರದ ಅಂಚಿಗಿರುವ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದಲ್ಲಿ ತೊಗರಿ ಬೇಳೆ ಹೇರಿಕೊಂಡು, ಕಪನೂರನ್ನು ದಾಟಿ, ಕಮಲಾಪುರದ ಮೇಲಿಂದ ಹುಮನಾಬಾದಿಗೆ ಏರಿ ಹೈದರಾಬಾದ್ ಹೆದ್ದಾರಿಯನ್ನು ಸೇರುವ ಲಾರಿಗಳಲ್ಲಿ ಟರ್ಬೊ ಇಲ್ಲದ ಎಂಜಿನ್ ಇಂದು ಸಿಗುವುದು ಅಪರೂಪ. ಟರ್ಬೊ ಅಥವಾ ಟರ್ಬೊಚಾರ್ಜರ್ ಎಂಬುದು ಒಂದೇ ದಂಡದ ಎರಡು ತುದಿಗಳಿಗೆ ಕೂರಿಸಿದ ಎರಡು ಚಕ್ರಗಳ ಸಾಧನವಾಗಿದ್ದು, ಎಂಜಿನ್ನಿನಿಂದ ಸೈಲೆನ್ಸರಿನ ಕಡೆಗೆ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸಿದರೆ, ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳೊಳಗೆ ದೂಡುತ್ತದೆ. ಹೀಗೆ ದೂಡಲ್ಪಟ್ಟ ಗಾಳಿಯ ಒತ್ತಡ ಸುತ್ತಲಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅದನ್ನು ಬೂಸ್ಟ್ ಎಂದೂ, ಅದನ್ನು ಮುಳ್ಳಿನಿಂದ ತೋರಿಸುವ ಮಾಪಕವನ್ನು ಬೂಸ್ಟ್ ಗೇಜು ಎಂದೂ, ಎಂಜಿನ್ನಿನ ಗಾಳಿಕೊಳವೆಯಿಂದ ಆ ಒತ್ತಡವನ್ನು ಮಾಪಕದವರೆಗೆ ಒಯ್ಯಲು ಕೂರಿಸುವ ಹಿತ್ತಾಳೆಯ ನಿಪ್ಪಲ್ಲು, ಟೀ ಮುಂತಾದ ಸಣ್ಣ ಬಿಡಿಭಾಗಗಳನ್ನು ಫಿಟ್ಟಿಂಗು ಎಂದೂ ಕರೆಯಲಾಗುತ್ತದೆ. ಆದರೆ ಈ ಗೇಜು ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೇಕೆಂದವನು ಮಿಸ್ತ್ರಿಯ ಕೈಯಿಂದ ಹಾಕಿಸಿಕೊಳ್ಳಬೇಕು. ಒತ್ತಡವನ್ನು ಅಳೆಯುವ ಮುಳ್ಳು ಈ ಸೀಮೆಗೆ ಕಾಲಿಟ್ಟು ಒಂದೂವರೆ ಶತಮಾನ ಕಳೆದಿದ್ದರೂ, ಯಾವ ಯಂತ್ರದ ಮುಂದೆ ಅದನ್ನು ಇಡಬೇಕು, ಯಾರು ಅದನ್ನು ನೋಡಬೇಕು ಎಂಬುದನ್ನು ಯಂತ್ರದ ಅಗತ್ಯಕ್ಕಿಂತ ಅದರ ಒಡೆತನವೂ ಅದರ ಬಗೆಗಿನ ಭಯವೂ ಹೆಚ್ಚಾಗಿ ನಿರ್ಧರಿಸುತ್ತ ಬಂದಿವೆ.

ಮುಳ್ಳು ಮೊದಲು ಬಂದದ್ದು ಉಗಿಯ ಜೊತೆಗೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರದಿಂದ ಗುಲಬರ್ಗಾದ, ಅಂದರೆ ಇಂದಿನ ಕಲಬುರಗಿಯ, ಮೂಲಕ ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆಯಿತು. ಈ ಹಳಿಗಳ ಮೇಲೆ ಬಂದ ಪ್ರತಿಯೊಂದು ಉಗಿಬಂಡಿಯ ಚಾಲಕನ ಕಣ್ಣೆದುರಿಗೆ ಒಂದು ದುಂಡು ಮಾಪಕವಿದ್ದು, ಅದರ ಒಡಲಲ್ಲಿದ್ದದ್ದು ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಕೊಳವೆ. ದುಂಡಗಿನ ಕೊಳವೆಯನ್ನು ಚಪ್ಪಟೆಯಾಗುವಂತೆ ಒತ್ತಿ, ಕುಡುಗೋಲಿನ ಹಾಗೆ ಬಾಗಿಸಿ, ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡವನ್ನು ಬಿಟ್ಟರೆ ಆ ಕೊಳವೆ ತನ್ನ ಬಾಗನ್ನು ಬಿಚ್ಚಿಕೊಳ್ಳಲು ನೋಡುತ್ತದೆ. ಮುಚ್ಚಿದ ತುದಿಯ ಈ ಅಲ್ಪ ಚಲನೆಯನ್ನು ಒಂದು ಸಣ್ಣ ಕೊಂಡಿ, ಹಲ್ಲಿನ ಕಮಾನು ಮತ್ತು ಪುಟ್ಟ ಹಲ್ಲುಗಾಲಿ ಸೇರಿ ಮುಳ್ಳಿನ ದೊಡ್ಡ ತಿರುಗಾಟವಾಗಿ ಮಾರ್ಪಡಿಸುತ್ತವೆ. ಇಂದು ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಮೇಲಿರುವುದೂ, ಗ್ಯಾಸ್ ವೆಲ್ಡಿಂಗಿನ ರೆಗ್ಯುಲೇಟರುಗಳಲ್ಲಿ ಕಾಣುವುದೂ, ಮುಳ್ಳಿನ ಬೂಸ್ಟ್ ಗೇಜಿನಲ್ಲಿರುವುದೂ ಮೂಲದಲ್ಲಿ ಇದೇ ಕೊಳವೆ.

ಉಗಿಯ ಮಾಪಕವನ್ನು ಕೂರಿಸುವ ಕ್ರಮದಲ್ಲೇ ಮುಂದಿನ ಫಿಟ್ಟಿಂಗುಗಳ ಮೂಲಪಾಠವೂ ಅಡಗಿತ್ತು. ಕಾದ ಉಗಿ ನೇರವಾಗಿ ಬೂರ್ದೋನ್ ಕೊಳವೆಗೆ ನುಗ್ಗಿದರೆ ಲೋಹದ ಪುಟಿತ ಕೆಡುವುದರಿಂದ, ಬಾಯ್ಲರಿಗೂ ಗೇಜಿಗೂ ನಡುವೆ ಸುರುಳಿ ಸುತ್ತಿದ ಸೈಫನ್ ಪೈಪನ್ನು ಹಾಕಿ, ಆ ಸುರುಳಿಯಲ್ಲಿ ತಣಿದ ನೀರು ನಿಂತು ಉಗಿಯನ್ನು ತಡೆಯುವಂತೆ, ಆದರೆ ಒತ್ತಡವನ್ನು ಮಾತ್ರ ದಾಟಿಸುವಂತೆ ಮಾಡಲಾಗುತ್ತಿತ್ತು. ಅಳೆಯಬೇಕಾದದ್ದು ಮಾಪಕವನ್ನು ತಲುಪಬೇಕು, ಅದರೊಡನೆ ಬರುವ ಬಿಸಿ, ಕೊಳೆ, ಬಡಿತ ದಾರಿಯಲ್ಲೇ ಉಳಿಯಬೇಕು ಎಂಬ ಈ ತತ್ತ್ವ ನೂರು ವರ್ಷಗಳ ನಂತರದ ಟರ್ಬೊ ಎಂಜಿನ್ನಿಗೂ ಹಾಗೆಯೇ ಅನ್ವಯಿಸಿತು. ಬಾಯ್ಲರ್ ಒಡೆದರೆ ಸುತ್ತಲಿನವರ ಜೀವ ಹೋಗುವುದರಿಂದ ಕಾನೂನೂ ಇಲ್ಲಿ ಬೇಗ ಎಚ್ಚೆತ್ತಿತು. ಬ್ರಿಟಿಷ್ ಇಂಡಿಯಾದಲ್ಲಿ 1923ರ ಬಾಯ್ಲರ್ ಕಾಯಿದೆ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯಗೊಳಿಸಿತು. ಬಾಯ್ಲರಿಗೆ ಗೇಜು ಇದ್ದರೆ ಸಾಲದು, ಮೀರಬಾರದ ಒತ್ತಡದ ಗುರುತೂ ಅದರ ಮೇಲೆ ಇರಬೇಕೆಂಬುದು ಎಲ್ಲೆಡೆಯ ರೂಢಿಯಾಯಿತು. ಶಹಾಬಾದಿನ ಸುಣ್ಣಕಲ್ಲನ್ನು ನಂಬಿ ಎದ್ದ ಸಿಮೆಂಟ್ ಕಾರ್ಖಾನೆಯಲ್ಲಿ, 1936ರಲ್ಲಿ ಹಲವು ಕಂಪನಿಗಳ ವಿಲೀನದಿಂದ ಹುಟ್ಟಿದ ಎ.ಸಿ.ಸಿ. ಸಂಸ್ಥೆಗೆ ಅದು ಸೇರಿದ ಮೇಲೆ, ಮುಂದೆ ವಾಡಿಯಲ್ಲಿ, ಈ ಜಿಲ್ಲೆಯ ಕಾರ್ಮಿಕರ ಹಲವು ತಲೆಮಾರುಗಳು ಮುಳ್ಳನ್ನು ಓದುವುದನ್ನು ಕಲಿತವು. ಭಯವಿದ್ದಲ್ಲಿ ಮುಳ್ಳು ಬಂತು ಎಂದರೆ ತಪ್ಪಾಗಲಾರದು.

ರಸ್ತೆಯ ವಾಹನಕ್ಕೆ ಆ ಭಯವಿರಲಿಲ್ಲ. ಹೈದರಾಬಾದ್ ಸಂಸ್ಥಾನದ ನಿಜಾಮ್ ಸ್ಟೇಟ್ ರೈಲ್ವೆ ತನ್ನ ರಸ್ತೆ ಸಾರಿಗೆ ಶಾಖೆಯನ್ನು 1932ರ ಜೂನ್ ತಿಂಗಳಿನಲ್ಲಿ 27 ಬಸ್ಸು ಮತ್ತು 166 ನೌಕರರೊಂದಿಗೆ ಆರಂಭಿಸಿತು. ಗ್ಲಾಸ್ಗೋದ ಆಲ್ಬಿಯನ್ ಕಂಪನಿಯ ಬಸ್ಸುಗಳು ಅದರ ಮೊದಲ ಗುರುತು. ರೈಲ್ವೆಯೇ ಬಸ್ಸನ್ನು ನಡೆಸಿದ್ದರಿಂದ ರೈಲಿನ ಶಿಸ್ತು ಡಿಪೊಗಳಿಗೂ ಇಳಿಯಿತಾದರೂ, ರೈಲಿನ ಚಾಲಕನ ಮುಂದಿದ್ದ ಮುಳ್ಳುಗಳು ಬಸ್ಸಿನ ಚಾಲಕನ ಮುಂದೆ ಬರಲಿಲ್ಲ. ಬರುವ ಅಗತ್ಯವೂ ಆಗ ಇರಲಿಲ್ಲ, ಏಕೆಂದರೆ ಆ ಎಂಜಿನ್ನುಗಳು ಹೊರಗಿನ ಗಾಳಿಯನ್ನು ಪಿಸ್ಟನ್ನಿನ ಎಳೆತದಿಂದಲೇ ಒಳಗೆಳೆದುಕೊಳ್ಳುವಂಥವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿ, 1961ರ ಸಾರಿಗೆ ನಿಗಮ ಬಂದು, ಅದು ಒಡೆದು 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿಸಿಕೊಂಡ ಈಶಾನ್ಯ ನಿಗಮ, ಅಂದರೆ 2021ರಿಂದ ಕಲ್ಯಾಣ ಕರ್ನಾಟಕ ನಿಗಮ, ಹುಟ್ಟಿದರೂ ಡಿಪೊದ ಜ್ಞಾನ ಬಹುಮಟ್ಟಿಗೆ ಕಿವಿ, ಮೂಗು ಮತ್ತು ಅಂಗೈಯ ಜ್ಞಾನವಾಗಿಯೇ ಉಳಿಯಿತು. ಬಸ್ಸಿನ ಡ್ಯಾಶ್‌ಬೋರ್ಡಿಗೆ ನಿಜಕ್ಕೂ ಬಂದ ಒತ್ತಡದ ಮಾಪಕ ಏರ್ ಬ್ರೇಕಿನದು: ಬೆಳಗಿನ ಜಾವ ಡಿಪೊದಲ್ಲಿ ಬಸ್ಸುಗಳನ್ನು ಚಾಲೂ ಮಾಡಿ ನಿಲ್ಲಿಸಿ, ಬ್ರೇಕಿನ ಗಾಳಿ ತುಂಬಿ ಮುಳ್ಳು ಏರುವವರೆಗೆ ಚಾಲಕರು ಕಾಯುತ್ತಾರೆ, ಏಕೆಂದರೆ ಆ ಗಾಳಿಯಿಲ್ಲದೆ ಬಸ್ಸು ನಿಲ್ಲುವುದಿಲ್ಲ. ಎಂಜಿನ್ನಿನ ಗಾಳಿ ಕಡಿಮೆಯಾದರೆ ಬಸ್ಸು ಓಡುವುದು ನಿಧಾನವಾಗುತ್ತದೆ ಅಷ್ಟೆ. ಒಂದು ಗಾಳಿಗೆ ಮುಳ್ಳು ಸಿಕ್ಕಿ ಇನ್ನೊಂದಕ್ಕೆ ಸಿಗದೆ ಹೋದದ್ದರ ಹಿಂದೆ ಇಷ್ಟು ಸರಳವಾದ ಲೆಕ್ಕವಿದೆ.

ಈ ನಡುವೆ ಗಾಳಿಯನ್ನು ಒತ್ತಿ ತುಂಬುವ ವಿದ್ಯೆ ಬೇರೆ ಕಡೆ ಬೆಳೆಯುತ್ತಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ, ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಗಾಳಿಯನ್ನು ತುಂಬಿಸುವ ಕಲ್ಪನೆಗೆ 1905ರಲ್ಲಿ ಪೇಟೆಂಟ್ ಪಡೆದರೂ, ಅದು ವ್ಯವಹಾರಕ್ಕೆ ಇಳಿದದ್ದು 1920ರ ದಶಕದ ಮಧ್ಯದಲ್ಲಿ, ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ. ಅವುಗಳ ಎಂಜಿನ್ನುಗಳ ಶಕ್ತಿ 1750ರಿಂದ 2500 ಅಶ್ವಶಕ್ತಿಗೆ ಏರಿತು. ವಿಮಾನಕ್ಕೆ ಈ ಸಾಧನ ಬೇಕಾದದ್ದು ಬೇರೆ ಕಾರಣಕ್ಕೆ: ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಕಸುವು ಕುಂದುತ್ತದೆ, ಆ ಕೊರತೆಯನ್ನು ಟರ್ಬೊ ತುಂಬಿಕೊಡುತ್ತದೆ. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಸುಮಾರು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಎಂಜಿನ್ ಹೊರಿಸಿಕೊಂಡು ಹೋಗಿ ಇದನ್ನು ತೋರಿಸಿಕೊಟ್ಟ.

ಕನ್ನಡ ನಾಡಿನಲ್ಲಿ ಟರ್ಬೊ ಮತ್ತು ಅದರ ಮಾಪಕ ಎರಡೂ ಜೊತೆಯಾಗಿ ಮಿಸ್ತ್ರಿಗಳ ಕೈಗೆ ಬಂದ ಸ್ಥಳವನ್ನು ಹುಡುಕಿದರೆ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ತಲುಪಬೇಕಾಗುತ್ತದೆ. ಕಲಬುರಗಿಯ ರೈಲು ಮಾರ್ಗದ ಮೇಲೆಯೇ ಇರುವ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯ ಆವರಣ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಕಾನ್ಪುರದಲ್ಲಿ ಬಿಟ್ಟುಹೋಗಿದ್ದ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಲಾಗಿದ್ದ ಬಿ-24 ಲಿಬರೇಟರ್ ಬಾಂಬರುಗಳಲ್ಲಿ ನಲವತ್ತರಷ್ಟನ್ನು ಈ ಕಾರ್ಖಾನೆ ಒಂದೊಂದಾಗಿ ಬೆಂಗಳೂರಿಗೆ ತಂದು ಸಜ್ಜುಗೊಳಿಸಿ 1948ರಿಂದ ಭಾರತೀಯ ವಾಯುಪಡೆಗೆ ಒಪ್ಪಿಸಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಒಂದೊಂದು ಲಿಬರೇಟರಿನಲ್ಲಿ ನಾಲ್ಕು ಎಂಜಿನ್, ನಾಲ್ಕು ಟರ್ಬೊ; ಪೈಲಟ್ಟಿನ ಮುಂದೆ ಪ್ರತಿ ಎಂಜಿನ್ನಿಗೂ ಒಂದು ಮುಳ್ಳು. ಆ ಮುಳ್ಳು ಪಾದರಸದ ಅಂಗುಲಗಳಲ್ಲಿ ನಿರಪೇಕ್ಷ ಒತ್ತಡವನ್ನು, ಅಂದರೆ ಪೂರ್ಣ ಶೂನ್ಯದಿಂದ ಲೆಕ್ಕ ಹಿಡಿದ ಒತ್ತಡವನ್ನು ತೋರಿಸುತ್ತಿದ್ದುದರಿಂದ, ಬೆಂಗಳೂರಿನ 920 ಮೀಟರ್ ಎತ್ತರದಲ್ಲಿ ಎಂಜಿನ್ ಬಂದಾಗಿದ್ದರೂ ಸುಮಾರು 27ರ ಬಳಿ ನಿಂತಿರಬೇಕಿತ್ತು. ಬ್ರಿಟಿಷ್ ವಿಮಾನಗಳ ಬೂಸ್ಟ್ ಗೇಜಾದರೋ ಸಮುದ್ರಮಟ್ಟದ ವಾತಾವರಣವನ್ನೇ ಸೊನ್ನೆಯೆಂದು ಇಟ್ಟುಕೊಂಡು ಅದರ ಮೇಲಕ್ಕೂ ಕೆಳಕ್ಕೂ ಪೌಂಡುಗಳಲ್ಲಿ ಎಣಿಸುತ್ತಿತ್ತು. ಒಂದೇ ಹ್ಯಾಂಗರಿನಲ್ಲಿ ಎರಡೂ ಪದ್ಧತಿಗಳನ್ನು ಓದಬೇಕಾದ ಫಿಟ್ಟರಿಗೆ ಇದು ಕೊಟ್ಟಿರಬಹುದಾದ ತಲೆನೋವನ್ನು ಊಹಿಸುವುದು ಕಷ್ಟವಲ್ಲ.

ಕಲಬುರಗಿಯ ಮೂಲಕ ಹಾದುಹೋದ ಮೊದಲ ಬೂಸ್ಟ್ ಗೇಜುಗಳು ಮತ್ತೆ ರೈಲಿನಲ್ಲೇ ಬಂದವು. ಅಮೆರಿಕದ ಆಲ್ಕೊ ಕಂಪನಿಯ ಮಾದರಿಯ ಡಬ್ಲ್ಯೂಡಿಎಂ-2 ಎಂಬ 2600 ಅಶ್ವಶಕ್ತಿಯ, 16 ಸಿಲಿಂಡರಿನ ಡೀಸೆಲ್ ಲೋಕೊಗಳು 1962ರಿಂದ ಆಮದಾಗಿ, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿ, ಮುಂದಿನ ನಾಲ್ಕು ದಶಕಗಳ ಕಾಲ ದೇಶದ ಬ್ರಾಡ್‌ಗೇಜ್ ಹಳಿಗಳನ್ನು ಆಳಿದವು. ಟರ್ಬೊ ತುಂಬುವ ಗಾಳಿಯನ್ನು ರೈಲ್ವೆಯವರು ಬೂಸ್ಟರ್ ಏರ್ ಎಂದೂ ಅದರ ಒತ್ತಡವನ್ನು ಬಿ.ಎ.ಪಿ. ಎಂದೂ ಕರೆದರು; ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಅಳತೆಯಲ್ಲಿ ಅದನ್ನು ತೋರಿಸುವ ಗೇಜು ಲೋಕೊದಲ್ಲೇ ಇತ್ತು. ಚಾಲಕ ಥ್ರಾಟಲ್ ಹಿಡಿಯನ್ನು ಎಂಟನೆಯ, ಅಂದರೆ ಕೊನೆಯ, ಮೆಟ್ಟಿಲಿಗೆ ತಂದಾಗ ಮುಳ್ಳು ನಿಗದಿತ ಅಂಕಿಯನ್ನು ಮುಟ್ಟಬೇಕಿತ್ತು. ಮುಟ್ಟದೆ ಕರಿ ಹೊಗೆ ಬಂದರೆ ಗಾಳಿಕೊಳವೆ ಎಲ್ಲೋ ಸೋರುತ್ತಿದೆ, ಇಲ್ಲವೇ ಫಿಲ್ಟರು ಕಟ್ಟಿಕೊಂಡಿದೆ, ಇಲ್ಲವೇ ಟರ್ಬೊದ ಬೇರಿಂಗು ಕೆಟ್ಟಿದೆ ಎಂದು ಷೆಡ್ಡಿನವರು ಅರ್ಥ ಮಾಡಿಕೊಳ್ಳುತ್ತಿದ್ದರು. ಮುಳ್ಳಿನ ಮಾತನ್ನು ಕಿವಿಯಿಂದ ಪರೀಕ್ಷಿಸುವ ಪದ್ಧತಿಯೂ ಜೊತೆಗಿತ್ತು: ಎಂಜಿನ್ ನಿಲ್ಲಿಸಿದ ಮೇಲೆ ಟರ್ಬೊದ ಚಕ್ರ ತಾನಾಗಿ ತಿರುಗುತ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಬೇಗ ನಿಂತರೆ ಒಳಗೆ ಏನೋ ಉಜ್ಜುತ್ತಿದೆ ಎಂದು ತೀರ್ಮಾನಿಸುವುದು. ಇಲ್ಲಿ ಗಮನಿಸಬೇಕಾದದ್ದು ಯಂತ್ರ ಸರ್ಕಾರದ್ದು, ನಡೆಸುವವನು ನೌಕರ, ರಿಪೇರಿ ಮಾಡುವವನು ಬೇರೆ ಊರಿನ ಷೆಡ್ಡಿನವನು ಎಂಬ ಸಂಗತಿ. ಈ ಮೂವರ ನಡುವೆ ಸುದ್ದಿ ಸಾಗಬೇಕಾದರೆ ಲಾಗ್ ಪುಸ್ತಕದಲ್ಲಿ ಬರೆಯಬಹುದಾದ ಅಂಕಿಯೊಂದು ಬೇಕಾಗುತ್ತದೆ. ಕಿವಿಗೆ ಕೇಳಿದ ಸದ್ದನ್ನು ಬರೆದುಕೊಡಲು ಬರುವುದಿಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಬೀದರಿಗೆ ಹೋಗುವ ಹೊಸ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡು ಡೆಮು ಎಂಬ ಡೀಸೆಲ್ ರೈಲು ಓಡಿದಾಗ, ಮರಗುತ್ತಿಯ ಸುರಂಗದ ಕಡೆಗೆ ಅದನ್ನು ಏರಿಸಿದ್ದೂ ಟರ್ಬೊ ಎಂಜಿನ್ನೇ.

ಲಾರಿಯ ಲೋಕದಲ್ಲಿ ಒಡೆಯ, ಚಾಲಕ, ಮಿಸ್ತ್ರಿ ಮೂವರೂ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಕೂರುವವರಾದ್ದರಿಂದ ಅಂಕಿಯ ಹಂಗು ಕಡಿಮೆಯಿತ್ತು. 1954ರಿಂದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆನ್ಜ್ ಸಹಯೋಗದಲ್ಲಿ ತಯಾರಿಸಿದ ಲಾರಿಗಳಾಗಲಿ, 1955ರಲ್ಲಿ ಹೊಸ ಹೆಸರು ಪಡೆದ ಅಶೋಕ್ ಲೇಲ್ಯಾಂಡಿನವಾಗಲಿ ಟರ್ಬೊ ಇಲ್ಲದೆಯೇ ದಶಕಗಳನ್ನು ಕಳೆದವು. ಟಾಟಾದ 697 ಎಂಬ ಹೆಸರಾಂತ ಎಂಜಿನ್ನಿನಲ್ಲಿ ಈ ಬದಲಾವಣೆಯ ಗಡಿಯನ್ನು ನಿಚ್ಚಳವಾಗಿ ಕಾಣಬಹುದು: ಆರು ಸಿಲಿಂಡರು, 97 ಮಿಲಿಮೀಟರ್ ಬೋರು ಎಂಬುದನ್ನೇ ಹೆಸರಾಗಿ ಹೊತ್ತ ಈ ಎಂಜಿನ್ ಮೊದಲು ತಾನಾಗಿ ಉಸಿರಾಡುವ ರೂಪದಲ್ಲೂ, ಆಮೇಲೆ ಹೆಸರಿನ ಕೊನೆಗೆ ‘ಟಿ.ಸಿ.’ ಎಂದು ಸೇರಿಸಿಕೊಂಡು ಟರ್ಬೊ ರೂಪದಲ್ಲೂ, ಮುಂದೆ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನೊಂದಿಗೂ ಬಂತು. ಚೆನ್ನೈ ಬಳಿ 1982ರಲ್ಲಿ ಟರ್ಬೊ ಎನರ್ಜಿ ಕಂಪನಿ ಹುಟ್ಟಿ ಟರ್ಬೊಗಳು ದೇಶದಲ್ಲೇ ತಯಾರಾಗತೊಡಗಿದ್ದು, ಜಮಶೆಡ್‌ಪುರದಲ್ಲಿ ಟಾಟಾ ಕಮ್ಮಿನ್ಸ್ ಎಂಜಿನ್ನುಗಳು 1990ರ ದಶಕದಲ್ಲಿ ಬಂದದ್ದು, 2000ದಿಂದ ಹೊಗೆಯ ಮೇಲಿನ ಕಟ್ಟಳೆಗಳು ಬಿಗಿಯಾದದ್ದು, ಇವೆಲ್ಲ ಸೇರಿ ಟರ್ಬೊವನ್ನು ವಿಶೇಷದಿಂದ ಸಾಮಾನ್ಯಕ್ಕೆ ಇಳಿಸಿದವು. ಕಲಬುರಗಿಯ ಬೇಸಿಗೆಗೆ ಇದು ಒಗ್ಗುವ ಸಾಧನವೇ ಆಗಿತ್ತು. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 43 ಡಿಗ್ರಿಯ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಬರಿಯ ಎಳೆತದಿಂದ ಉಸಿರಾಡುವ ಎಂಜಿನ್ನಿಗೆ ಏಪ್ರಿಲ್ ಮಧ್ಯಾಹ್ನದಲ್ಲಿ ಅಷ್ಟೂ ನಷ್ಟವೇ.

ಆದರೆ ಟರ್ಬೊ ಲಾರಿಗೆ ಮುಳ್ಳು ಬಾರದಿದ್ದರೂ ಅಳತೆ ಬಂದಿತ್ತು ಎಂಬುದನ್ನು ಮರೆಯುವಂತಿಲ್ಲ. ಬೆಂಗಳೂರಿನ ಮೈಕೊ, ಅಂದರೆ 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಡೀಸೆಲನ್ನು ನೋಝಲುಗಳಿಗೆ ಒತ್ತಿ ಕಳಿಸುವ ಪಂಪುಗಳಿಗೆ ದೇಶದುದ್ದಕ್ಕೂ ಹೆಸರಾಗಿತ್ತು. ಟರ್ಬೊ ಎಂಜಿನ್ನಿಗೆ ಬರುವ ಇಂಥ ಪಂಪಿನ ಒಂದು ತುದಿಗೆ ಬಟ್ಟಲಿನಂಥ ಪುಟ್ಟ ಕೋಣೆಯಿದ್ದು, ಅದರೊಳಗೆ ರಬ್ಬರಿನ ಪರದೆಯೊಂದನ್ನು ಸ್ಪ್ರಿಂಗಿನ ಎದುರು ಬಿಗಿದಿರುತ್ತಾರೆ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ, ಎಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಿಂದ, ಒಂದು ಸಣ್ಣ ಪೈಪು ಬಂದು ಆ ಕೋಣೆಯನ್ನು ಸೇರುತ್ತದೆ. ಗಾಳಿಯ ಒತ್ತಡ ಏರಿದಾಗ ಪರದೆ ಒತ್ತಿಕೊಂಡು ಪಂಪು ಹೆಚ್ಚು ಡೀಸೆಲ್ ಬಿಡುತ್ತದೆ, ಒತ್ತಡ ಇಳಿದಾಗ ಡೀಸೆಲನ್ನು ಹಿಡಿದು ಹೊಗೆಯನ್ನು ತಡೆಯುತ್ತದೆ. ಚಾಲಕನಿಗೆ ತೋರಿಸದೆ ಎಂಜಿನ್ ತನ್ನ ಬೂಸ್ಟನ್ನು ತಾನೇ ಅಳೆದುಕೊಳ್ಳುವ ಏರ್ಪಾಡು ಇದು. ಬೂಸ್ಟ್ ಗೇಜು ಹಾಕಲು ಹೊರಟ ಮಿಸ್ತ್ರಿಗೆ ಮೊದಲು ಕಣ್ಣಿಗೆ ಬೀಳುವುದೂ ಇದೇ ಪೈಪು, ಏಕೆಂದರೆ ಅದನ್ನು ನಡುವೆ ಕತ್ತರಿಸಿ ಒಂದು ಟೀ ಹಾಕಿದರೆ ಮ್ಯಾನಿಫೋಲ್ಡಿಗೆ ತೂತು ಕೊರೆಯುವ ಕೆಲಸವೇ ತಪ್ಪುತ್ತದೆ. ಈ ಸುಲಭ ದಾರಿಗೆ ಒಂದು ದಂಡವೂ ಇದೆ: ಟೀಯ ಕ್ಲಿಪ್ಪು ಸಡಿಲಾಗಿ ಗಾಳಿ ಸೋರಿದರೆ ಪರದೆಗೆ ಒತ್ತಡ ಸಾಲದೆ, ಟರ್ಬೊ ಸರಿಯಾಗಿದ್ದೂ ಲಾರಿ ಏರಿನಲ್ಲಿ ಎಳೆಯುವುದಿಲ್ಲ, ಅಳೆಯಲು ಹಾಕಿದ ಸಾಧನವೇ ಅಳತೆಯನ್ನೂ ಎಂಜಿನ್ನನ್ನೂ ಎರಡನ್ನೂ ಕೆಡಿಸುತ್ತದೆ.

ಮ್ಯಾನಿಫೋಲ್ಡಿನಲ್ಲೇ ತೂತು ತೆಗೆದು ನಿಪ್ಪಲ್ಲು ಕೂರಿಸುವ ಕೆಲಸ ನಿಧಾನದ್ದು, ಆದರೆ ಗಟ್ಟಿಯಾದದ್ದು. ಅಲ್ಯುಮಿನಿಯಂ ಭಾಗವನ್ನು ಎಂಜಿನ್ನಿನಿಂದ ಬಿಚ್ಚಿಯೇ ಕೊರೆಯಬೇಕೆಂಬುದು ಮೊದಲ ನಿಯಮ, ಏಕೆಂದರೆ ಒಳಗೆ ಬಿದ್ದ ಒಂದು ಚೂರು ಪುಡಿ ವಾಲ್ವಿನ ಮೇಲೂ ಪಿಸ್ಟನ್ನಿನ ಮೇಲೂ ಗಾಯ ಮಾಡಬಲ್ಲದು; ಬಿಚ್ಚಲಾಗದೆ ಹೋದಾಗ ಡ್ರಿಲ್ಲಿಗೂ ಟ್ಯಾಪಿಗೂ ದಪ್ಪಗೆ ಗ್ರೀಸು ಮೆತ್ತಿ, ಎರಡು ಸುತ್ತು ತಿರುಗಿಸಿ ಹೊರತೆಗೆದು, ಗ್ರೀಸಿಗೆ ಅಂಟಿದ ಪುಡಿಯನ್ನು ಒರೆಸಿ, ಮತ್ತೆ ತಿರುಗಿಸುವ ತಾಳ್ಮೆಯ ಕ್ರಮವನ್ನು ಅನುಸರಿಸುತ್ತಾರೆ. ತೂತು ಸಾಮಾನ್ಯವಾಗಿ ಎಂಟೂವರೆ ಮಿಲಿಮೀಟರಿನ ಆಸುಪಾಸಿನದು; ಅದರಲ್ಲಿ ಒಂದೆಂಟನೆ ಇಂಚಿನ ಪೈಪ್ ಥ್ರೆಡ್ಡನ್ನು ಟ್ಯಾಪಿನಿಂದ ಕೊರೆದು, ಟೆಫ್ಲಾನ್ ಟೇಪು ಸುತ್ತಿದ ನಿಪ್ಪಲ್ಲನ್ನು ಬಿಗಿಯುತ್ತಾರೆ. ಈ ಒಂದೆಂಟನೆ ಇಂಚೇ ತೊಡಕಿನ ಮೂಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯಿಂದ ಬೆಳೆದ ಬ್ರಿಟಿಷ್ ಪೈಪ್ ಥ್ರೆಡ್ಡಿನಲ್ಲಿ ಇಂಚಿಗೆ 28 ಸುತ್ತು, ಹಲ್ಲಿನ ಕೋನ 55 ಡಿಗ್ರಿ, ಹೊರವ್ಯಾಸ 9.73 ಮಿಲಿಮೀಟರ್, ಅಮೆರಿಕದ ಪೈಪ್ ಥ್ರೆಡ್ಡಿನಲ್ಲಿ ಇಂಚಿಗೆ 27 ಸುತ್ತು, ಕೋನ 60 ಡಿಗ್ರಿ, ಹೊರವ್ಯಾಸ 10.29 ಮಿಲಿಮೀಟರ್. ಒಂದರ ನಿಪ್ಪಲ್ಲು ಇನ್ನೊಂದರ ತೂತಿಗೆ ಒಂದೆರಡು ಸುತ್ತು ಹಿಡಿದಂತೆ ಮಾಡುತ್ತದೆ, ಆಮೇಲೆ ಅಲುಗಾಡುತ್ತದೆ ಅಥವಾ ಹಲ್ಲುಗಳನ್ನು ಕೆರೆದುಹಾಕುತ್ತದೆ. ಟೇಪನ್ನು ಎಷ್ಟು ಸುತ್ತಿದರೂ ಬಿಸಿಯಾದ ಮೇಲೆ ಸೋರುತ್ತದೆ. ಇವೆರಡರ ಜೊತೆಗೆ ಮೂರನೆಯದಾಗಿ ಹತ್ತು ಮಿಲಿಮೀಟರಿನ ಮೆಟ್ರಿಕ್ ಥ್ರೆಡ್ಡೂ ಸೇರುತ್ತದೆ.

ಕಲಬುರಗಿಯ ಗ್ಯಾರೇಜಿನಲ್ಲಿ ಈ ಮೂರೂ ಸಂಧಿಸುವುದಕ್ಕೆ ಸೀಮೆಯ ಯಂತ್ರಚರಿತ್ರೆಯೇ ಕಾರಣ. ಉಗಿಬಂಡಿ, ಆಲ್ಬಿಯನ್, ಲೇಲ್ಯಾಂಡ್ ಮತ್ತು ನಲ್ಲಿ-ಪೈಪಿನ ಅಂಗಡಿಗಳು ವಿಟ್‌ವರ್ತನ ವಂಶಕ್ಕೆ ಸೇರಿದವು. ನೀರಿನ ಪೈಪುಗಳ ಭಾರತೀಯ ಮಾನಕವೂ ಆ ವಂಶದ್ದೇ. ಆಲ್ಕೊ ಲೋಕೊ, ಕಮ್ಮಿನ್ಸ್ ಎಂಜಿನ್ನು ಅಮೆರಿಕದ ಕಡೆಯವು. ಟಾಟಾ ಲಾರಿ ಜರ್ಮನಿಯಿಂದ ಮೆಟ್ರಿಕ್ಕನ್ನು ತಂದಿತು. ಹೊರಗಿನಿಂದ ತರಿಸಿದ ಬೂಸ್ಟ್ ಗೇಜಿನ ಜೊತೆಗೆ ಹೆಚ್ಚಾಗಿ ಅಮೆರಿಕನ್ ನಿಪ್ಪಲ್ಲು ಬರುತ್ತದೆ, ಬಜಾರಿನಲ್ಲಿ ಸಲೀಸಾಗಿ ಸಿಗುವ ಟ್ಯಾಪು ಬ್ರಿಟಿಷ್ ಪದ್ಧತಿಯದು, ಎಂಜಿನ್ನಿನಲ್ಲಿ ಮೊದಲೇ ಇರುವ ಖಾಲಿ ಬೋಲ್ಟಿನ ತೂತು ಮೆಟ್ರಿಕ್. ಆದ್ದರಿಂದಲೇ ನುರಿತವರು ಟ್ಯಾಪು ಹಿಡಿಯುವ ಮೊದಲು ಥ್ರೆಡ್ ಗೇಜನ್ನು, ಅಂದರೆ ಬೇರೆ ಬೇರೆ ಹಲ್ಲುಗಳ ತೆಳು ತಗಡುಗಳ ಗೊಂಚಲನ್ನು, ನಿಪ್ಪಲ್ಲಿನ ಮೇಲೆ ಇಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ಸರಿಹೊಂದದಿದ್ದರೆ ಲೇತಿನ ಅಂಗಡಿಗೆ ಕೊಟ್ಟು ಒಂದು ಕಡೆ ಮೆಟ್ರಿಕ್, ಇನ್ನೊಂದು ಕಡೆ ಪೈಪ್ ಥ್ರೆಡ್ ಇರುವ ಹಿತ್ತಾಳೆಯ ಬುಷ್ ಮಾಡಿಸುತ್ತಾರೆ. ನಿಪ್ಪಲ್ಲಿನಿಂದ ಗೇಜಿನವರೆಗಿನ ನೈಲಾನ್ ಪೈಪಿನ ದಾರಿಯಲ್ಲಿ ಸೂಜಿಮೊನೆಯಷ್ಟು ತೂತಿನ ತಡೆಯೊಂದನ್ನು ಕೂರಿಸುವುದೂ ಉಂಟು. ಸಿಲಿಂಡರುಗಳು ಗಾಳಿಯನ್ನು ಒಂದೊಂದಾಗಿ ಎಳೆದುಕೊಳ್ಳುವ ಬಡಿತ ಅದರಿಂದ ಅಡಗಿ ಮುಳ್ಳು ನಡುಗದೆ ನಿಲ್ಲುತ್ತದೆ. ಉಗಿಯ ಕಾಲದ ಸೈಫನ್ನಿನ ಮೊಮ್ಮಗನೆಂದು ಅದನ್ನು ಕರೆಯಬಹುದು. ನಿಪ್ಪಲ್ಲು ಕೂರಿಸುವ ಜಾಗವೂ ಮುಖ್ಯ: ಇಂಟರ್‌ಕೂಲರಿನ ಆಚೆಗೆ, ಮ್ಯಾನಿಫೋಲ್ಡಿನ ಮೇಲೆ ಕೂರಿಸಿದರೆ ಸಿಲಿಂಡರಿಗೆ ನಿಜವಾಗಿ ಸಿಗುವ ಒತ್ತಡ ತಿಳಿಯುತ್ತದೆ, ಈಚೆಗೆ, ಟರ್ಬೊದ ಬಾಯಲ್ಲೇ ಕೂರಿಸಿದರೆ ಟರ್ಬೊದ ಶ್ರಮ ಮಾತ್ರ ತಿಳಿಯುತ್ತದೆ. ಎರಡೂ ಕಡೆ ಅಳೆದು ವ್ಯತ್ಯಾಸ ನೋಡಿದವನಿಗೆ ಇಂಟರ್‌ಕೂಲರ್ ಕಟ್ಟಿಕೊಂಡಿದೆಯೋ ಇಲ್ಲವೋ ಎಂಬುದು ಬಿಚ್ಚದೆಯೇ ಗೊತ್ತಾಗುತ್ತದೆ.

2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿಯ ತೊಗರಿ ಬೇಳೆಯ ಮಿಲ್ಲುಗಳಲ್ಲಿ ಕರೆಂಟು ಹೋದಾಗ ಉರುಳುವ ಜನರೇಟರುಗಳ ಕಥೆ ಲಾರಿಯದಕ್ಕಿಂತ ಹೆಚ್ಚು ಭಿನ್ನವಲ್ಲ. ಅವುಗಳ ಫಲಕದಲ್ಲಿ ಎಣ್ಣೆಯ ಒತ್ತಡ, ನೀರಿನ ಬಿಸಿ, ವೋಲ್ಟು, ಆಂಪಿಯರು, ಓಡಿದ ಗಂಟೆ ಇವೆಲ್ಲಕ್ಕೂ ಜಾಗವಿರುತ್ತದೆ. ಆದರೂ ಬೂಸ್ಟ್ ಗೇಜಿನ ಉಪಯೋಗ ಅತಿ ಹೆಚ್ಚು ಇರಬಹುದಾದ ಸ್ಥಳ ಇದೇ: ಬೇಳೆ ಒಡೆಯುವಾಗ ಏಳುವ ನುಣ್ಣನೆಯ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ, ಮತ್ತು ಲೋಡು ಒಂದೇ ಸಮನಾಗಿರುವ ಜನರೇಟರಿನಲ್ಲಿ ಮುಳ್ಳು ದಿನದಿನಕ್ಕೆ ಇಳಿಯುವುದನ್ನು ಓದುವುದು, ಏರಿಳಿತದ ರಸ್ತೆಯಲ್ಲಿ ಓದುವುದಕ್ಕಿಂತ ಎಷ್ಟೋ ಸುಲಭ. ಮಾಪಕ ಇರಬೇಕಾದಲ್ಲಿ ಇಲ್ಲದೆ, ಅಷ್ಟಾಗಿ ಬೇಡವಾದ ಷೋಕಿಯ ಕಾರುಗಳಲ್ಲಿ ಕಾಣಿಸಿಕೊಂಡದ್ದು ಈ ಚರಿತ್ರೆಯ ಒಂದು ವಿಚಿತ್ರ.

ರಸ್ತೆಯ ಮೇಲೆ ಸಾರ್ವಜನಿಕರಿಗೆ ಮೊದಲಿನಿಂದಲೂ ಕಾಣುತ್ತಿದ್ದ ಗೇಜು ಹೊಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಡೀಸೆಲ್ ವಾಹನದ ಹೊಗೆಯ ದಟ್ಟಣೆಗೆ 65 ಹಾರ್ಟ್‌ರಿಜ್ ಎಂಬ ಮಿತಿಯನ್ನು ಹಾಕಿದಾಗ, ಸಾಲದ ಬೂಸ್ಟು ಚಾಲಕನ ಖಾಸಗಿ ತೊಂದರೆಯಾಗಿ ಉಳಿಯದೆ ತಪಾಸಣೆಯ ವಿಷಯವಾಯಿತು. 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಎಂಬ ಹೊಗೆಯ ಕಟ್ಟಳೆಯ ನಾಲ್ಕನೆಯ ಹಂತ, 2020ರ ಏಪ್ರಿಲ್ 1ರಿಂದ ಆರನೆಯ ಹಂತ ದೇಶಾದ್ಯಂತ ಜಾರಿಗೆ ಬಂದ ಮೇಲೆ ಪಂಪಿನ ರಬ್ಬರ್ ಪರದೆಯ ಕೆಲಸವನ್ನು ಮ್ಯಾನಿಫೋಲ್ಡಿನ ಮೇಲೆ ಕಾರ್ಖಾನೆಯಲ್ಲೇ ಕೂರಿಸಿದ ಸೆನ್ಸರು ವಹಿಸಿಕೊಂಡು, ಒತ್ತಡವನ್ನು ವಿದ್ಯುತ್ತಿನ ಸಂಕೇತವಾಗಿಸಿ ಎಂಜಿನ್ನಿನ ಕಂಪ್ಯೂಟರಿಗೆ ಕಳಿಸುತ್ತದೆ. ಇಂಥ ಎಂಜಿನ್ನಿಗೆ ಹೊಸದಾಗಿ ತೂತು ಕೊರೆಯುವ ಅಗತ್ಯ ಬಹುಮಟ್ಟಿಗೆ ಉಳಿದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರನ್ನು ಚುಚ್ಚಿದರೆ ಅಂಕಿ ಪರದೆಯ ಮೇಲೆ ಬರುತ್ತದೆ. ಆದರೆ ಮುಳ್ಳಿನ ಗೇಜಿಗೆ ಒಗ್ಗಿದ ಕಣ್ಣಿಗೆ ಆ ಅಂಕಿ ಮೊದಲ ಸಲ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಸೆನ್ಸರು ಲಿಬರೇಟರಿನ ಮಾಪಕದಂತೆ ಪೂರ್ಣ ಶೂನ್ಯದಿಂದ ಎಣಿಸುತ್ತದೆ: ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಎಂಜಿನ್ ಬಂದಾಗಿರುವಾಗ ಅದು ಸುಮಾರು 96 ಕಿಲೊಪಾಸ್ಕಲ್ ಎಂದೂ, ಅದೇ ಲಾರಿ ಬೆಂಗಳೂರಿನಲ್ಲಿ ನಿಂತಾಗ ಸುಮಾರು 91 ಎಂದೂ ತೋರಿಸುತ್ತದೆ, ಮುಳ್ಳಿನ ಗೇಜು ಎರಡೂ ಊರಲ್ಲಿ ಸೊನ್ನೆಯ ಮೇಲೆಯೇ ಇರುತ್ತದೆ. ನಿಂತ ಎಂಜಿನ್ನಿನ ಅಂಕಿಯನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡು, ಓಡುವಾಗಿನ ಅಂಕಿಯಿಂದ ಅದನ್ನು ಕಳೆದು, ಉಳಿದದ್ದನ್ನು ಏಳರಿಂದ ಭಾಗಿಸಿದರೆ ಗ್ಯಾರೇಜಿನಲ್ಲಿ ಇಂದಿಗೂ ಎಲ್ಲರೂ ಹೇಳುವ ಪೌಂಡಿನ ಲೆಕ್ಕ ಹೆಚ್ಚು ಕಡಿಮೆ ಸಿಗುತ್ತದೆ.